‘ಅಪ್ಪಟ’ ಎಂಬ ಮೆಚ್ಚುಗೆ: ರಾನ್ ರ‍್ಯಾಶ್ ಕಥನದ ಉಪಭಾಷೆ ಮತ್ತು ಓದುಗರ ಕಿವಿ

ಅಮೆರಿಕದ ದಕ್ಷಿಣ ಸೀಮೆಯ ಸಮಕಾಲೀನ ಕಥನಕಾರ ರಾನ್ ರ‍್ಯಾಶ್ ಅವರ ಕಾದಂಬರಿ, ಸಣ್ಣಕಥೆಗಳ ಓದುಗರಲ್ಲಿ ಪದೇ ಪದೇ ಕೇಳಿಬರುವ ಮೆಚ್ಚುಗೆಯೊಂದಿದೆ: ಅಪಲೇಚಿಯನ್ ಬೆಟ್ಟಸೀಮೆಯ ಅವರ ಪಾತ್ರಗಳ ಮಾತು ‘ಅಪ್ಪಟ’ವಾದುದು. ಇಂಥ ಪ್ರತಿಕ್ರಿಯೆಗಳನ್ನು ಭಾಷಿಕ ಮನೋಭಾವದ ದತ್ತಾಂಶವಾಗಿ ಸಂಗ್ರಹಿಸುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಕಥನದ ಉಪಭಾಷೆ ವಾಸ್ತವಕ್ಕೆ ನಿಷ್ಠವಾಗಿದೆ ಎಂಬುದಕ್ಕೆ ಅವನ್ನೇ ಸಾಕ್ಷ್ಯವಾಗಿ ಮುಂದಿಡುವುದನ್ನು ನಾವು ಒಪ್ಪಲಾರೆವು. ಓದುಗರು ಅಪ್ಪಟವೆಂದು ಕರೆಯುವುದು, ಬಹುಮಟ್ಟಿಗೆ, ತಮ್ಮ ಕಣ್ಣನ್ನು ತಡೆದು ನಿಲ್ಲಿಸದ ಉಪಭಾಷೆಯನ್ನು.

1953ರಲ್ಲಿ ಸೌತ್ ಕ್ಯಾರೊಲಿನಾದ ಚೆಸ್ಟರಿನಲ್ಲಿ ಹುಟ್ಟಿ, ನಾರ್ತ್ ಕ್ಯಾರೊಲಿನಾದ ಬಾಯ್ಲಿಂಗ್ ಸ್ಪ್ರಿಂಗ್ಸ್‌ನಲ್ಲಿ ಬೆಳೆದ ರ‍್ಯಾಶ್, ‘ಒನ್ ಫುಟ್ ಇನ್ ಈಡನ್’ (2002) ಕಾದಂಬರಿಯಿಂದ ಕಥನಲೋಕದಲ್ಲಿ ಗುರುತಾದರು. ಅಣೆಕಟ್ಟಿನ ನೀರಿನಲ್ಲಿ ಮುಳುಗಲಿರುವ ಜೊಕಾಸಿ ಕಣಿವೆಯಲ್ಲಿ ನಡೆದ ಕೊಲೆಯೊಂದನ್ನು ಅಲ್ಲಿ ಐವರು ಸರದಿಯಂತೆ ನಿರೂಪಿಸುತ್ತಾರೆ: ಶೆರಿಫ್, ಹೆಂಡತಿ, ಗಂಡ, ಮಗ, ಶೆರಿಫನ ಸಹಾಯಕ. ಮಾತು ಇಲ್ಲಿ ಉದ್ಧರಣ ಚಿಹ್ನೆಗಳೊಳಗೆ ಬಂಧಿತವಲ್ಲ, ನಿರೂಪಣೆಯೇ ಉಪಭಾಷೆಯಲ್ಲಿದೆ. ಅದನ್ನು ಮೇಲಿನಿಂದ ನೋಡುವ ಶಿಷ್ಟ ಭಾಷೆಯ ನಿರೂಪಕನೊಬ್ಬನಿಲ್ಲ. ಓದುಗರ ಮೆಚ್ಚುಗೆಗೆ ಈ ರಚನೆಯೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ‘ಅಪ್ಪಟ’ ಎಂಬ ಒಂದೇ ಪದ ಅದನ್ನು ಮರೆಮಾಡುತ್ತದೆ.

ಇನ್ನೊಂದು ಕಾರಣ ಕಾಗುಣಿತಕ್ಕೆ ಸಂಬಂಧಿಸಿದ್ದು. ರ‍್ಯಾಶ್ ಬಹುಪಾಲು ಶಿಷ್ಟ ಕಾಗುಣಿತವನ್ನು ಉಳಿಸಿಕೊಂಡು, ಪದಾಯ್ಕೆ, ಕ್ರಿಯಾರೂಪ ಮತ್ತು ವಾಕ್ಯದ ಲಯದ ಮೂಲಕ ಉಪಭಾಷೆಯನ್ನು ಸೂಚಿಸುತ್ತಾರೆ. ಉಚ್ಚಾರಣೆಯಲ್ಲಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ ಕಾಗುಣಿತವನ್ನು ಕೆಡಿಸಿ ಬರೆಯುವ ತಂತ್ರಕ್ಕೆ ಜಾರ್ಜ್ ಫಿಲಿಪ್ ಕ್ರಾಪ್ 1925ರಲ್ಲಿ ‘ಐ ಡಯಲೆಕ್ಟ್’ ಎಂದು ಹೆಸರಿಟ್ಟರು. ಕಣ್ಣಿಗಷ್ಟೇ ಕಾಣುವ ಉಪಭಾಷೆ ಎಂದರ್ಥ. ಅಂಥ ಬರಹ ಮಾತನಾಡುವವನನ್ನು ಓದುಗರ ದೃಷ್ಟಿಯಲ್ಲಿ ಕೀಳಾಗಿಸುತ್ತದೆ ಎಂದು ಡೆನಿಸ್ ಪ್ರೆಸ್ಟನ್ 1980ರ ದಶಕದ ಬರಹಗಳಲ್ಲಿ ವಾದಿಸಿದರು. ನಮ್ಮ ಲಿಪಿ ಉಚ್ಚಾರಣೆಗೆ ಹತ್ತಿರವಾದುದರಿಂದ ಕನ್ನಡದಲ್ಲಿ ಇಂಥದ್ದಕ್ಕೆ ಎಡೆಯಿಲ್ಲವೆಂದು ತೋರಬಹುದು. ಆದರೆ ಎಡೆಯಿದೆ. ದಿನಬಳಕೆಯ ಮಾತಿನಲ್ಲಿ ಮಹಾಪ್ರಾಣವನ್ನು ಸಡಿಲಿಸುವವರು ವಿದ್ಯಾವಂತರಲ್ಲೂ ವಿರಳರಲ್ಲ. ಹಾಗಿದ್ದೂ ‘ಬಾಷೆ’ ಎಂಬ ರೂಪ ಅಚ್ಚಾಗುವುದು ಕಥೆಯ ಕೂಲಿಯಾಳಿನ ಬಾಯಲ್ಲಿ, ಮೇಷ್ಟರ ಬಾಯಲ್ಲಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ ನಿರೂಪಣೆಯನ್ನೇ ಆಡುಮಾತಿಗೆ ಒಪ್ಪಿಸಿದಾಗ ಅನೇಕ ಓದುಗರು ಅರ್ಥವಾಗುವುದಿಲ್ಲವೆಂದು ದೂರಿದರು. ಕಣ್ಣನ್ನು ತಡೆಯುವ ಉಪಭಾಷೆಗೆ ‘ಕಷ್ಟ’ ಎಂಬ ಹೆಸರು, ತಡೆಯದಿರುವುದಕ್ಕೆ ‘ಅಪ್ಪಟ’ ಎಂಬ ಹೆಸರು. ಎರಡೂ ಓದಿನ ವೇಗವನ್ನು ಕುರಿತ ಮಾತುಗಳು.

ನಿಷ್ಠತೆಯನ್ನು ಅಳೆಯಬೇಕೆಂದರೆ ಬೇರೆ ಮಾನದಂಡ ಬೇಕು. ವಾಲ್ಟ್ ವುಲ್ಫ್ರಮ್ ಮತ್ತು ಡೋನಾ ಕ್ರಿಶ್ಚಿಯನ್ ಅವರ ‘ಅಪಲೇಚಿಯನ್ ಸ್ಪೀಚ್’ (1976) ಚರ್ಚಿಸಿದ ‘ಎ-’ ಪೂರ್ವಪ್ರತ್ಯಯವನ್ನೇ ತೆಗೆದುಕೊಳ್ಳೋಣ. ‘ಎ-ಹಂಟಿಂಗ್’ ಎಂಬ ರೂಪ ಕೇಳುವವರಿಗೆ ಬರಿಯ ಹಳ್ಳಿಗಾಡಿನ ಸೊಗಡಾಗಿ ಕಂಡರೂ ಅದಕ್ಕೆ ಬಿಗಿಯಾದ ನಿಯಮಗಳಿವೆ. ‘-ಇಂಗ್’ ಪ್ರತ್ಯಯದ ಪದ ಕ್ರಿಯಾಪದವಾಗಿರಬೇಕು, ನಾಮಪದವಾಗಿಯೋ ಗುಣವಾಚಕವಾಗಿಯೋ ಬಳಕೆಯಾದಾಗ ‘ಎ-’ ಹತ್ತುವುದಿಲ್ಲ. ಪದದ ಮೊದಲ ಅಕ್ಷರದ ಮೇಲೆ ಒತ್ತಿರಬೇಕು. ಹಿಂದೆ ಪ್ರಿಪೊಸಿಷನ್ ಇರಕೂಡದು. ಕಥನದಲ್ಲಿ ಈ ನಿಯಮ ಮುರಿದರೂ ಹೊರಗಿನ ಓದುಗರು ಅದನ್ನು ಗುರುತಿಸಲಾರರು, ಪಾಲಿಸಿದರೂ ಗುರುತಿಸಲಾರರು. ಮೈಕೆಲ್ ಮಾಂಟ್ಗೊಮರಿ ಮತ್ತು ಜೋಸೆಫ್ ಹಾಲ್ ಅವರ ಸ್ಮೋಕಿ ಮೌಂಟನ್ ಇಂಗ್ಲಿಷ್ ನಿಘಂಟು (2004) ಕೈಯಲ್ಲಿರುವಾಗ ಪದ ಪದವಾಗಿ ಪರೀಕ್ಷಿಸುವ ಕೆಲಸ ಅಸಾಧ್ಯವೇನಲ್ಲ. ಬೆಟ್ಟದ ಜನ ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷನ್ನು ಕಾಪಿಟ್ಟಿದ್ದಾರೆಂಬ ಹಳೆಯ ಕಲ್ಪನೆಯನ್ನು ಮಾಂಟ್ಗೊಮರಿ ಅಲ್ಲಗಳೆದು ದಶಕಗಳೇ ಸಂದಿದ್ದರೂ ಅದು ಓದುಗರ ಹೊಗಳಿಕೆಯಲ್ಲಿ ಇನ್ನೂ ಉಸಿರಾಡುತ್ತಿದೆ. ಬದುಕಿರುವವರ ಮಾತನ್ನು ವಸ್ತುಸಂಗ್ರಹಾಲಯದಲ್ಲಿಡುವ ಈ ಹೊಗಳಿಕೆ, ತಪ್ಪು ಕಾಗುಣಿತದ ಗೇಲಿಗಿಂತ ಹೆಚ್ಚು ಸಭ್ಯ, ಅಷ್ಟೆ.

‘ಸೆರೀನಾ’ (2008) ಈ ಪ್ರಶ್ನೆಯನ್ನು ಮತ್ತಷ್ಟು ತೊಡಕಾಗಿಸುತ್ತದೆ. ಮರದ ದಿಮ್ಮಿಯ ವ್ಯಾಪಾರ ನಡೆಸುವ ಪೆಂಬರ್ಟನ್ ದಂಪತಿಗಳದು ಶಿಷ್ಟ ಇಂಗ್ಲಿಷ್. ಉಪಭಾಷೆ ಮರ ಕಡಿಯುವ ಕೂಲಿಗಳ ಪಾಲಿಗೆ. ಗ್ರೀಕ್ ನಾಟಕದ ಮೇಳದಂತೆ ಅವರು ಒಡೆಯರ ನಡೆಯನ್ನು ಕುರಿತು ಹರಟುತ್ತಾರೆ. ಓದುಗರ ಚರ್ಚೆ ಹೆಚ್ಚಾಗಿ ಸೆರೀನಾಳನ್ನೂ ಲೇಡಿ ಮ್ಯಾಕ್‌ಬೆತ್‌ಳನ್ನೂ ಹೋಲಿಸುವುದರಲ್ಲಿ ತೊಡಗುತ್ತದೆ. ಮೇಳದ ಮಾತು ನಡುನಡುವಿನ ಹಾಸ್ಯವೆಂದು ಹಗುರವಾಗುತ್ತದೆ. ನಮ್ಮ ಓದಿನಲ್ಲಿ ಕಾಡು ನೆಲಸಮವಾಗುವುದರ ಅರ್ಥ ತಿಳಿದವರು ಆ ಕೂಲಿಗಳೇ. ಮೊದಲ ಕಾದಂಬರಿಯಲ್ಲಿ ಗೌರವ ಗಳಿಸಿದ ಭಾಷಿಕ ಲಕ್ಷಣಗಳು ಇಲ್ಲಿ ರಂಜನೆಯ ದರ್ಜೆಗೆ ಇಳಿಯುವುದಕ್ಕೆ ಉಪಭಾಷೆ ಕಾರಣವಲ್ಲ, ಕಥನದಲ್ಲಿ ಅದಕ್ಕೆ ದೊರೆತ ಸ್ಥಾನ ಕಾರಣ.

ಆ ಸೀಮೆಯಲ್ಲೇ ಬೆಳೆದವರ ಪ್ರತಿಕ್ರಿಯೆ ಬೇರೆ ಬಗೆಯದು: ನಮ್ಮ ಅಜ್ಜಿ ಹೀಗೆಯೇ ಹೇಳುತ್ತಿದ್ದರು ಎಂಬಂಥದ್ದು. ಅದು ಗುರುತಿಸುವಿಕೆ, ಮೌಲ್ಯಮಾಪನವಲ್ಲ. ಎರಡನ್ನೂ ಒಂದೇ ಕೋಷ್ಟಕದಲ್ಲಿ ‘ಧನಾತ್ಮಕ’ ಎಂದು ಗುರುತಿಸುವ ಸಂಶೋಧನೆ ತನ್ನ ಅತ್ಯುತ್ತಮ ದತ್ತಾಂಶವನ್ನೇ ಕಳೆದುಕೊಳ್ಳುತ್ತದೆ.

ಓದುಗರ ಅಪ್ಪಟತನದ ಲೆಕ್ಕಕ್ಕೆ ಸಿಗದ ಇನ್ನೊಂದು ಅಂಶ ಮೌನ. 2010ರಲ್ಲಿ ಫ್ರ್ಯಾಂಕ್ ಓ’ಕಾನರ್ ಪ್ರಶಸ್ತಿ ಪಡೆದ ‘ಬರ್ನಿಂಗ್ ಬ್ರೈಟ್’ ಸಂಕಲನದ ‘ಹಾರ್ಡ್ ಟೈಮ್ಸ್’ ಕಥೆ ಆರ್ಥಿಕ ಮಹಾಕುಸಿತದ ಕಾಲದ್ದು. ಕೋಳಿಮೊಟ್ಟೆಗಳು ಕಾಣೆಯಾಗುತ್ತಿವೆ, ಬಡ ನೆರೆಯವನಾದ ಹಾರ್ಟ್ಲಿಯ ನಾಯಿಯೇ ಕಳ್ಳನೆಂದು ಎಡ್ನಾ ಶಂಕಿಸುತ್ತಾಳೆ. ಹಾರ್ಟ್ಲಿ ವಾದಿಸುವುದಿಲ್ಲ, ಅಲ್ಲೇ ನಾಯಿಯ ಕೊರಳು ಕೊಯ್ಯುತ್ತಾನೆ. ಈ ಉತ್ತರವನ್ನು ಯಾವ ಉಪಭಾಷಾ ನಿಘಂಟೂ ದಾಖಲಿಸದು. ಆದರೆ ಆಪಾದನೆಗೆ ಮಾತಿನಿಂದ ಉತ್ತರಿಸದಿರುವುದು ವ್ಯಾಕರಣದಷ್ಟೇ ಖಚಿತವಾದ ಭಾಷಿಕ ವರ್ತನೆ. ಕಳ್ಳತನ ಮಾಡುತ್ತಿದ್ದುದು ಹಸಿದ ಮಗುವೆಂದು ಎಡ್ನಾಳ ಗಂಡ ಜೇಕಬ್ ಕೊನೆಗೆ ಕಂಡುಕೊಳ್ಳುತ್ತಾನೆ. ಹೆಂಡತಿಗೆ ಮಾತ್ರ ಅವನು ಹೇಳುವುದು, ಅದು ಹಾವು ಎಂದು.