ನಾಲ್ಕು ತಾಲ್ಲೂಕು, ಏಳು ಹಾಡು

ಸಾರ್ವಕಾಲಿಕ ನೆಚ್ಚಿನ ಚಿತ್ರಗೀತೆಗಳ ಪಟ್ಟಿ ಕೊಡಿ ಎಂದು ಈ ಅಂಕಣದ ಓದುಗರು ಆಗಾಗ ಕೇಳುತ್ತಿರುತ್ತಾರೆ. ಎಲ್ಲೆ ಹಾಕಿಕೊಳ್ಳದೆ ಪಟ್ಟಿಗೆ ಕೂತರೆ ಅದು ಮುಗಿಯುವ ಕೆಲಸವಲ್ಲ. ಹಾಗಾಗಿ ನಮ್ಮ ಸೀಮೆಯನ್ನೇ ಎಲ್ಲೆಯಾಗಿ ಇಟ್ಟುಕೊಂಡಿದ್ದೇನೆ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಹೊಗೆಸೊಪ್ಪು, ಭತ್ತ, ಆನೆ, ಕಾಡು ಎಂದರೆ ಈ ನಾಲ್ಕು ತಾಲ್ಲೂಕುಗಳು ಎಲ್ಲರಿಗೂ ನೆನಪಾಗುತ್ತವೆ. ಕನ್ನಡದ ಹಾಡು ಎಂದಾಗಲೂ ನೆನಪಾಗಬೇಕು ಎನ್ನುವುದು ನನ್ನ ವಾದ. ಇಲ್ಲಿ ಹುಟ್ಟಿದವರು ಬರೆದ, ತೆರೆಗೆ ತಂದ ಹಾಡುಗಳು, ಇಲ್ಲಿನ ಕಾಡಿನ ಕಥೆಗೆ ಹುಟ್ಟಿದ ಹಾಡುಗಳು, ಇಲ್ಲಿನ ಜನಪದರ ಕೊರಳಿಗೆ ಒಗ್ಗಿದ ಹಾಡುಗಳು. ಇಷ್ಟನ್ನೇ ಮುಂದಿಟ್ಟುಕೊಂಡರೂ ಏಳಕ್ಕೆ ಇಳಿಸುವುದು ಸುಲಭವಾಗಲಿಲ್ಲ.

ನನ್ನ ಅಳತೆಗೋಲು ಎರಡು. ಹಾಡು ಕಥೆಯೊಳಗೆ ದುಡಿಯಬೇಕು, ಅದನ್ನು ತೆಗೆದರೆ ಕಥೆ ಕುಂಟಬೇಕು. ಜೊತೆಗೆ ಚಿತ್ರವನ್ನೇ ನೋಡದವರ ಕಿವಿಯಲ್ಲೂ ಅದು ತನ್ನ ಕಾಲ ಮೇಲೆ ನಿಲ್ಲಬೇಕು. ಈ ಎರಡನೆಯ ಪರೀಕ್ಷೆಗೆ ಹೊಗೆಸೊಪ್ಪು ಹದ ಮಾಡುವ ನಮ್ಮ ಕಡೆಯ ಬ್ಯಾರನ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ವರ್ಜೀನಿಯಾ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಒಲೆ ಕಾಯಬೇಕು. ಮೊದಲು ಸಣ್ಣ ಕಾವಿನಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಕಾವು ಏರಿಸುತ್ತಾ ಎಲೆ ಒಣಗಿಸಿ, ಕೊನೆಗೆ ದಂಟು ಒಣಗಿಸಬೇಕು. ಅವಸರಪಟ್ಟು ಸೌದೆ ಹೆಚ್ಚು ತುಂಬಿದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಕಣ್ಣು ಹತ್ತಿದರೆ ಕಾವು ಇಳಿಯುತ್ತದೆ. ಆ ರಾತ್ರಿಗಳಲ್ಲಿ ಹಿಂದೆ ರೇಡಿಯೊ, ಈಗ ಮೊಬೈಲು ಹಾಡುತ್ತಿರುತ್ತದೆ. ತೆರೆಯಿಲ್ಲ, ನಾಯಕನ ಮುಖವಿಲ್ಲ. ಮಾತು, ರಾಗ, ದನಿ ಇಷ್ಟೇ. ಅಲ್ಲಿ ಎಚ್ಚರ ಉಳಿಸುವ ಹಾಡು ಎಲ್ಲಿ ಬೇಕಾದರೂ ಉಳಿಯುತ್ತದೆ.

ಏಳರಿಂದ ಒಂದರ ಕಡೆಗೆ ಬರೋಣ.

7. ಕೋಲುಮಂಡೆ (ಜನುಮದ ಜೋಡಿ, 1996)

ಮಲೆ ಮಾದಪ್ಪನ ಒಕ್ಕಲು ನಮ್ಮ ಕಡೆ ಊರೂರಲ್ಲಿದೆ. ಕಂಸಾಳೆಯವರು ಮನೆ ಮುಂದೆ ನಿಂತು ಹಾಡುವುದನ್ನು ಹತ್ತಿರದಿಂದ ನೋಡಿದವರಿಗೆ ಆ ವಾದ್ಯದ ಪರಿಚಯ ಹೇಳಬೇಕಿಲ್ಲ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಬಲಗೈ ತಾಳ ಬಟ್ಟಲಿಗೆ ಬಡಿದಾಗ ಬರುವ ನಾದವೇ ಹಾಡಿನ ನಡೆಯನ್ನು ಹಿಡಿದಿಡುತ್ತದೆ. ಮಲೆ ಮಹದೇಶ್ವರನ ಕಾವ್ಯದ ಈ ಹಾಡನ್ನು ಟಿ.ಎಸ್. ನಾಗಾಭರಣರ ಚಿತ್ರಕ್ಕೆ ವಿ. ಮನೋಹರ್ ತಂದರು. ಜನಪದ ಹಾಡು ಸ್ಟುಡಿಯೋಗೆ ಬಂದ ಕೂಡಲೇ ಕೊರಳು ನಯವಾಗಿಬಿಡುವುದು ವಾಡಿಕೆ. ಎಲ್.ಎನ್. ಶಾಸ್ತ್ರಿ ಹಾಗೆ ಮಾಡಲಿಲ್ಲ, ಕೊರಳು ಬಿಚ್ಚಿ ಹಾಡಿದರು. ರಾಜ್ಯ ಪ್ರಶಸ್ತಿಯೂ ಅವರಿಗೆ ಬಂತು. ಚಿತ್ರದ ಪ್ರೇಮಕಥೆಗಿಂತ ಹಾಡೇ ಎತ್ತರಕ್ಕೆ ನಿಲ್ಲುತ್ತದೆ. ನನ್ನ ಮೊದಲನೆಯ ಅಳತೆಯಲ್ಲಿ ಅದು ಸ್ವಲ್ಪ ಹಿಂದೆ ಬೀಳುವುದರಿಂದ ಏಳನೆಯ ಸ್ಥಾನ.

6. ನೇಸರ ನೋಡು (ಕಾಕನ ಕೋಟೆ, 1977)

ಕಾಕನಕೋಟೆ ಎಚ್.ಡಿ. ಕೋಟೆ ತಾಲ್ಲೂಕಿನ ಕಾಡು. ಕಾಡಾನೆ ಹಿಡಿಯುವ ಖೆಡ್ಡಾದಿಂದ ಜಗತ್ತಿಗೆಲ್ಲ ಹೆಸರಾಯಿತು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಕೆಲವೇ ವರ್ಷಗಳಲ್ಲಿ ಕಬಿನಿ ಹಿನ್ನೀರು ಆ ಕಾಡಿನ ದೊಡ್ಡ ಭಾಗವನ್ನು ಮುಳುಗಿಸಿತು. ಆ ಕಾಡನ್ನೂ ಅಲ್ಲಿನ ಕುರುಬರನ್ನೂ ಮಾಸ್ತಿ ನಾಟಕವಾಗಿ ಬರೆದಿದ್ದರು. ಸಿ.ಆರ್. ಸಿಂಹ ಅದನ್ನು ಚಿತ್ರ ಮಾಡಿದಾಗ ಸಂಗೀತದ ಹೊಣೆ ಹೊತ್ತವರು ಸಿ. ಅಶ್ವಥ್. ಸೂರ್ಯೋದಯವನ್ನು ಕಾಡಿನ ಜನ ಎದುರುಗೊಳ್ಳುವ ಹಾಡು ಇದು. ಮಾಸ್ತಿಯವರ ಮಾತು ಸರಳ, ಅಶ್ವಥ್ ಸ್ವರ ಹಾಕಿದ್ದೂ ಅಷ್ಟೇ ಸರಳ. ಗುಂಪಿನಲ್ಲಿ ಯಾರು ಬೇಕಾದರೂ ದನಿಗೂಡಿಸಬಹುದು. ಮುಂದೆ ಅಶ್ವಥ್ ಸುಗಮ ಸಂಗೀತದಲ್ಲಿ ಏನೇನು ಮಾಡಿದರೋ ಅದರ ಬೀಜವೆಲ್ಲ ಇಲ್ಲೇ ಇದೆ: ಕವಿಯ ಮಾತು ಮೊದಲು, ಸ್ವರ ಅದರ ಹಿಂದೆ. ಚಿತ್ರವನ್ನು ನೋಡಿದವರು ಈಗ ಕಡಿಮೆ. ಹಾಡು ಮಾತ್ರ ಶಾಲಾ ವಾರ್ಷಿಕೋತ್ಸವಗಳಲ್ಲಿ, ಸಾಕ್ಷರತಾ ಜಾಥಾಗಳಲ್ಲಿ ಬೆಳೆದು ಹರಡಿಕೊಂಡಿತು.

5. ನಾವಾಡುವ ನುಡಿಯೇ (ಗಂಧದ ಗುಡಿ, 1973)

ಇದು ಮೈಸೂರಿನವರ ಹಾಡು. ನಿರ್ಮಾಪಕ ಎಂ.ಪಿ. ಶಂಕರ್ ಮೈಸೂರಿನ ಗರಡಿಯಲ್ಲಿ ಬೆಳೆದ ಪೈಲ್ವಾನರು, ಕಾಡು ಎಂದರೆ ಪ್ರಾಣ ಬಿಡುತ್ತಿದ್ದವರು. ಸಂಗೀತದ ರಾಜನ್-ನಾಗೇಂದ್ರ ಸೋದರರೂ ಮೈಸೂರಿನವರೇ. ಚಿ. ಉದಯಶಂಕರ್ ಬರೆದ ಸಾಹಿತ್ಯ, ಪಿ.ಬಿ. ಶ್ರೀನಿವಾಸರ ದನಿ. ಕಾಡು ಕಾಯುವ ಅಧಿಕಾರಿಯ ಬಾಯಲ್ಲಿ ನಾಡಿನ ಹೆಮ್ಮೆ ಬರುವುದು ಈ ಹಾಡಿನ ಹೊಸತನ. ಅದುವರೆಗೆ ನಾಡಗೀತೆಗಳಲ್ಲಿ ಅರಸರು, ಶಿಲ್ಪಿಗಳು, ಕವಿಗಳು ತುಂಬಿರುತ್ತಿದ್ದರು. ಇಲ್ಲಿ ಮರ, ಪ್ರಾಣಿ, ಗಂಧದ ಕಾಡು ನಾಡಾಯಿತು. ನಾಗರಹೊಳೆಯ ಅಂಚಿನಲ್ಲಿ ಬದುಕುವ ಹುಣಸೂರು, ಕೋಟೆಯ ಜನಕ್ಕೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ರಾಜನ್-ನಾಗೇಂದ್ರರ ಜಾಣ್ಮೆ ನೋಡಿ: ಹೆಮ್ಮೆಯ ಹಾಡಿಗೆ ಕಹಳೆ ಊದಿಸದೆ, ತಿರುಗಾಟಕ್ಕೆ ಹೊರಟವನು ಹಾಯಾಗಿ ಹಾಡಿಕೊಳ್ಳುವಂತೆ ರಾಗ ಕೊಟ್ಟರು. ನವೆಂಬರ್ 1ರಂದು ಮೈಕಿನಲ್ಲಿ ಎಷ್ಟು ಸಲ ಕೇಳಿದರೂ ಬೇಸರ ಬಾರದಿರುವುದಕ್ಕೆ ಆ ಹಗುರವೇ ಕಾರಣ. 2022ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕೊನೆಯ ಚಿತ್ರ ಇದೇ ಹೆಸರಿನಲ್ಲಿ ಬಂದಾಗ, ನಾಯಕನಾಗಿದ್ದ ತಂದೆ ರಾಜ್‌ಕುಮಾರರ ಕಾಲದ ಹಾಡು ಮಗನ ಕಾಲಕ್ಕೂ ಬಾಗಿಲು ತೆರೆದುಕೊಟ್ಟಿತು.

4. ಯಾರು ತಿಳಿಯರು ನಿನ್ನ (ಬಭ್ರುವಾಹನ, 1977)

ಹುಣಸೂರು ಕೃಷ್ಣಮೂರ್ತಿ ಎಂಬ ಹೆಸರು ಈ ಪಟ್ಟಿಯಲ್ಲಿ ಎರಡು ಸಲ ಬರುತ್ತದೆ. ಇದು ಮೊದಲನೆಯದು. ವೃತ್ತಿ ರಂಗಭೂಮಿಯಲ್ಲಿ ಪಳಗಿ ಚಿತ್ರರಂಗಕ್ಕೆ ಬಂದ ಅವರು ಸಂಭಾಷಣೆ, ಹಾಡು, ನಿರ್ದೇಶನ ಮೂರನ್ನೂ ಮಾಡಿದವರು. ಅರ್ಜುನ, ಬಭ್ರುವಾಹನ ಇಬ್ಬರೂ ರಾಜ್‌ಕುಮಾರರೇ. ತಂದೆ ಮಗ ಎದುರುಬದುರು ನಿಂತು ಒಬ್ಬರ ಪರಾಕ್ರಮವನ್ನು ಇನ್ನೊಬ್ಬರು ಹಂಗಿಸುವ ಹಾಡು. ಟಿ.ಜಿ. ಲಿಂಗಪ್ಪ ಸಂಗೀತ ಕೊಟ್ಟರು, ರಾಜ್‌ಕುಮಾರ್ ಮತ್ತು ಪಿ.ಬಿ. ಶ್ರೀನಿವಾಸ್ ಹಾಡಿದರು. ತೆರೆಯ ಮೇಲೆ ಒಬ್ಬರೇ ನಟ, ಹಾಡಿನಲ್ಲಿ ಇಬ್ಬರು ಗಾಯಕರು. ಆದರೂ ಎಲ್ಲೂ ಎಳೆ ತಪ್ಪುವುದಿಲ್ಲ.

ಕೆ.ಆರ್. ನಗರ, ಸಾಲಿಗ್ರಾಮದ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರ ನಾಟಕ ಕಟ್ಟುತ್ತಾರಲ್ಲ, ಅಲ್ಲಿ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಕೊಟ್ಟು ಕಾಯುತ್ತಾರೆ. ಪಾತ್ರಧಾರಿ ಮಾತನ್ನು ಏರಿಸುತ್ತಾ ಏರಿಸುತ್ತಾ, ಮಾತು ಸಾಲದಾದಾಗ ಹಾಡಿಗೆ ಹತ್ತುತ್ತಾನೆ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಎಂದು ಹೇಳಲಾಗುವುದಿಲ್ಲ. ಹುಣಸೂರರು ಸಿನಿಮಾಕ್ಕೆ ತಂದದ್ದು ಆ ಕಲೆಯನ್ನೇ. ಈ ಹಾಡಿನಲ್ಲಿ ಒಂದೊಂದು ಸಾಲೂ ಬಾಣ, ಅದಕ್ಕೆ ಬರುವ ಉತ್ತರವೂ ಬಾಣ. ಹಾಡು ತೆಗೆದರೆ ಯುದ್ಧಕ್ಕೆ ಕಾರಣವೇ ಉಳಿಯುವುದಿಲ್ಲ. ಹಳ್ಳಿಯ ರಂಗಸ್ಥಳದಲ್ಲಿ ಇಂದಿಗೂ ಹುಡುಗರು ಇದನ್ನು ಪೈಪೋಟಿಗೆ ಬಿದ್ದು ಹಾಡುತ್ತಾರೆ.

3. ಮೂಡಲ ಮನೆಯ (ಬೆಳ್ಳಿಮೋಡ, 1967)

ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ 1933ರಲ್ಲಿ ಹುಟ್ಟಿದ ಹುಡುಗ ಪುಟ್ಟಣ್ಣ ಕಣಗಾಲ್ ಆಗಿ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ‘ಬೆಳ್ಳಿಮೋಡ’. ತ್ರಿವೇಣಿಯವರ ಕಾದಂಬರಿ, ವಿಜಯಭಾಸ್ಕರ್ ಸಂಗೀತ, ಬೇಂದ್ರೆಯವರ ಬೆಳಗಿನ ಕವಿತೆ, ಎಸ್. ಜಾನಕಿಯವರ ದನಿ. ಧಾರವಾಡದ ಕವಿಯ ಬೆಳಗನ್ನು ಮಲೆನಾಡಿನ ಗಿರಿಗಳ ನಡುವೆ, ಕಪ್ಪು ಬಿಳುಪಿನಲ್ಲಿ ತೋರಿಸುವ ಧೈರ್ಯ ಮಾಡಿದವರು ಪುಟ್ಟಣ್ಣ. ಬಣ್ಣವೇ ಇಲ್ಲದ ತೆರೆಯ ಮೇಲೆ ಬೆಳಗು ಕಾಣುವುದು ಕವಿತೆಯಿಂದ, ಜಾನಕಿಯವರ ಉಸಿರಿನಿಂದ. ಪದಗಳನ್ನು ಅವರು ಎಲ್ಲೂ ಒತ್ತುವುದಿಲ್ಲ, ಮೆಲ್ಲಗೆ ಇಟ್ಟು ಮುಂದೆ ಸಾಗುತ್ತಾರೆ. ಕಥಾನಾಯಕಿಗೆ ಮುಂದೆ ಬರಲಿರುವ ನೋವಿನ ಮೊದಲು ಈ ತುಂಬು ಬೆಳಕು ಬೇಕೇ ಬೇಕು. ಅದಿಲ್ಲದಿದ್ದರೆ ಆಮೇಲಿನ ಕತ್ತಲೆಗೆ ತೂಕ ಇರುತ್ತಿರಲಿಲ್ಲ. ಜಾನಕಿಯಮ್ಮ ತಮ್ಮ ಬೀಳ್ಕೊಡುಗೆಯ ಕಛೇರಿಗೆ 2017ರಲ್ಲಿ ಮೈಸೂರಿನ ಮಾನಸಗಂಗೋತ್ರಿಯನ್ನೇ ಆರಿಸಿಕೊಂಡದ್ದು ನಮ್ಮ ಜಿಲ್ಲೆಯ ಭಾಗ್ಯ.

2. ಕುಲದಲ್ಲಿ ಕೀಳ್ಯಾವುದೋ (ಸತ್ಯ ಹರಿಶ್ಚಂದ್ರ, 1965)

ಬರೆದವರು, ಚಿತ್ರ ನಿರ್ದೇಶಿಸಿದವರು ಹುಣಸೂರು ಕೃಷ್ಣಮೂರ್ತಿ. ಸಂಗೀತ ಪೆಂಡ್ಯಾಲ ನಾಗೇಶ್ವರರಾವ್, ಹಾಡಿದವರು ಘಂಟಸಾಲ. ರಾಜ್ಯ ಕಳೆದುಕೊಂಡ ಅರಸ ಸುಡುಗಾಡು ಕಾಯಲು ಬಂದಾಗ ಅವನನ್ನು ಕೊಂಡ ವೀರಬಾಹುವಾಗಿ ಎಂ.ಪಿ. ಶಂಕರ್ ಕುಣಿಯುತ್ತಾರೆ. ಪುರಾಣದ ಕಥೆಯಲ್ಲಿ ನೀತಿ ಹೇಳುವುದು ಋಷಿಗಳ ಪಾಲು, ದೊರೆಗಳ ಪಾಲು. ಹುಣಸೂರರು ಅದನ್ನು ಸುಡುಗಾಡಿನ ಒಡೆಯನ ಬಾಯಿಗೆ ಕೊಟ್ಟರು. ಕುಲದ ಮೇಲು ಕೀಳಿನ ಪ್ರಶ್ನೆಯನ್ನು ಕೇಳಲು ಹೆಣ ಸುಡುವವನಿಗಿಂತ ಹಕ್ಕುದಾರ ಯಾರಿದ್ದಾರೆ? ಪ್ರಶ್ನೆ ಭಾರವಾದದ್ದು, ತಾಳ ಮಾತ್ರ ಹಬ್ಬದ್ದು. ಕುಣಿಯುತ್ತಾ ಕೇಳಿದವನಿಗೆ ಅರ್ಥ ಆಮೇಲೆ ಹೊಳೆದು ಮನಸ್ಸನ್ನು ಕೊರೆಯುತ್ತದೆ. ತೆಲುಗಿನ ಘಂಟಸಾಲ ನಮ್ಮ ಹಳ್ಳಿಯ ಆಡುಮಾತಿನ ಬೀಸನ್ನು ಹಿಡಿದ ರೀತಿಯನ್ನು ಎಷ್ಟು ಹೊಗಳಿದರೂ ಸಾಲದು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ರಚಿಸಿದರು, ಭೂಸುಧಾರಣೆ ತಂದರು. ಒಂದೇ ತಾಲ್ಲೂಕಿನ ಇಬ್ಬರು, ಒಬ್ಬರು ಹಾಡಿನಲ್ಲಿ ಕೇಳಿದ ಪ್ರಶ್ನೆಗೆ ಇನ್ನೊಬ್ಬರು ಕಾನೂನಿನಲ್ಲಿ ಉತ್ತರ ಹುಡುಕಿದರು ಎನ್ನುವುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. 2008ರಲ್ಲಿ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಹಾಡಿಗೆ ಮಾತ್ರ ಹೊಸ ಬಣ್ಣದ ಅಗತ್ಯ ಎಂದೂ ಬಿದ್ದಿಲ್ಲ. ಅದು ಕೇಳಿದ ಪ್ರಶ್ನೆ ಇನ್ನೂ ಹಾಗೇ ನಿಂತಿದೆ.

1. ಒಲವೇ ಜೀವನ ಸಾಕ್ಷಾತ್ಕಾರ (ಸಾಕ್ಷಾತ್ಕಾರ, 1971)

ಕಣಗಾಲಿನ ಅಣ್ಣ ತಮ್ಮ ಸೇರಿ ಕನ್ನಡಕ್ಕೆ ಕೊಟ್ಟ ಹಾಡು ಇದು. ಬರೆದವರು ಕಣಗಾಲ್ ಪ್ರಭಾಕರ ಶಾಸ್ತ್ರಿ, ತೆರೆಗೆ ತಂದವರು ಪುಟ್ಟಣ್ಣ. ಸಂಗೀತ ಎಂ. ರಂಗರಾವ್, ದನಿ ಪಿ.ಬಿ. ಶ್ರೀನಿವಾಸ್ ಮತ್ತು ಪಿ. ಸುಶೀಲಾ ಅವರದು. ರಾಜ್‌ಕುಮಾರ್, ಜಮುನಾ ಜೊತೆಗೆ ಪೃಥ್ವಿರಾಜ್ ಕಪೂರ್ ಕೂಡ ನಟಿಸಿದ ಚಿತ್ರ.

ಇದಕ್ಕೇ ಮೊದಲ ಸ್ಥಾನ ಏಕೆ? ಪ್ರೇಮಗೀತೆಗಳು ಸಾಮಾನ್ಯವಾಗಿ ಹುಡುಗಿಯ ಕಣ್ಣು, ಮುಡಿ, ನಡಿಗೆಗಳನ್ನು ಹೊಗಳುತ್ತವೆ. ಪ್ರಭಾಕರ ಶಾಸ್ತ್ರಿಗಳು ಹೊಗಳಿಕೆಯನ್ನು ಪಕ್ಕಕ್ಕಿಟ್ಟು ಒಲವು ಏನು ಎನ್ನುವುದನ್ನೇ ಹಾಡಾಗಿಸಿದರು. ತತ್ವ ಹೇಳುವ ಹಾಡುಗಳು ಬೇಗ ಒಣಗುತ್ತವೆ. ಇದು ಒಣಗದೆ ಉಳಿದದ್ದು ರಂಗರಾಯರ ಸಂಯಮದಿಂದ. ವೀಣೆ ನುಡಿಸಿ ಬೆಳೆದ ಅವರಿಗೆ ಒಂದು ಸ್ವರವನ್ನು ಎಷ್ಟು ಹೊತ್ತು ನಿಲ್ಲಿಸಬೇಕು, ಎಲ್ಲಿ ಬಿಡಬೇಕು ಎನ್ನುವುದು ಗೊತ್ತಿತ್ತು. ಪಲ್ಲವಿ ನಿಧಾನ, ಸಾಲುಗಳು ಚಿಕ್ಕವು, ನಡುವೆ ಉಸಿರಿಗೆ ಜಾಗ. ಪಿ.ಬಿ.ಎಸ್. ತಗ್ಗಿದ ದನಿಯಲ್ಲಿ ಹೇಳಿದ್ದನ್ನು ಸುಶೀಲಾ ಅಚ್ಚ ದನಿಯಲ್ಲಿ ಎತ್ತಿಕೊಳ್ಳುತ್ತಾರೆ. ಇಬ್ಬರಲ್ಲಿ ಯಾರೂ ಮೇಲುಗೈಗೆ ಹೋಗುವುದಿಲ್ಲ. ಚಿತ್ರದ ಹೆಸರೇ ಪಲ್ಲವಿಯಲ್ಲಿದೆ, ಕಥೆ ಮುಟ್ಟಬೇಕಾದ ಜಾಗವನ್ನು ಹಾಡು ಮೊದಲೇ ತೋರಿಸಿಬಿಡುತ್ತದೆ. ಚಿತ್ರ ನೋಡದವರಿಗೂ ಅದು ಸ್ವಂತ ಬದುಕಿನ ಮಾತಾಗುತ್ತದೆ. ಮದುವೆ ಮನೆಯ ವಾದ್ಯದವರು ಇದನ್ನು ನುಡಿಸುತ್ತಾರೆ. ಬ್ಯಾರನ್ ಮುಂದೆ ಎಚ್ಚರವಿರುವ ಅಜ್ಜ ಇದು ಬಂದಾಗ ಮೊಬೈಲಿನ ಸದ್ದು ಏರಿಸಲು ಹೇಳುತ್ತಾನೆ. ನನ್ನ ಎರಡು ಅಳತೆಗಳಲ್ಲೂ ಪೂರ್ತಿ ಅಂಕ ಪಡೆಯುವ ಹಾಡು ಇದೊಂದೇ.

ಬಿಟ್ಟವುಗಳ ಬಗ್ಗೆ ದೂರು ಬರುತ್ತದೆ ಎಂದು ಗೊತ್ತಿದೆ. ಪುಟ್ಟಣ್ಣನವರ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದ ‘ವಿರಹ’, ‘ನಾಗರಹಾವು’ ಚಿತ್ರದ ‘ಬಾರೇ ಬಾರೇ’, ‘ಶರಪಂಜರ’ದ ‘ಕೊಡಗಿನ ಕಾವೇರಿ’ ಎಲ್ಲವೂ ಬಾಗಿಲವರೆಗೆ ಬಂದು ನಿಂತವು. ಅವುಗಳನ್ನು ಸೇರಿಸಿ ನಿಮ್ಮದೇ ಏಳರ ಪಟ್ಟಿ ಮಾಡಿಕೊಳ್ಳಿ. ಹೇಗೆ ಮಾಡಿದರೂ ಹುಣಸೂರು ಮತ್ತು ಕಣಗಾಲು ಎಂಬ ಎರಡು ಊರುಗಳನ್ನು ದಾಟಿ ಹೋಗುವುದಕ್ಕೆ ಆಗುವುದಿಲ್ಲ.

ಕೊನೆಗೆ ನನ್ನದೊಂದು ಕೋರಿಕೆ, ನಮ್ಮ ಕಡೆಯ ಆರ್ಕೆಸ್ಟ್ರಾದವರಿಗೆ. ಗಣೇಶನ ಪೆಂಡಾಲಿನಲ್ಲೋ ಚುಂಚನಕಟ್ಟೆ ಜಾತ್ರೆಯಲ್ಲೋ ಈ ಹಾಡುಗಳನ್ನು ಎತ್ತಿಕೊಳ್ಳುವಾಗ ನಾಯಕನ ಹೆಸರು ಹೇಳುತ್ತೀರಿ, ಗಾಯಕರ ಹೆಸರು ಹೇಳುತ್ತೀರಿ. ಅದರ ಜೊತೆಗೆ ಬರೆದವರ ಹೆಸರನ್ನೂ, ಅವರ ಊರನ್ನೂ ಮೈಕಿನಲ್ಲಿ ಹೇಳಿ. ಆ ಊರು ಪಕ್ಕದಲ್ಲೇ ಇದೆ ಎಂದು ಗೊತ್ತಾದರೆ ಕೇಳುತ್ತಾ ಕೂತ ಯಾವುದೋ ಹುಡುಗಿಗೆ, ಹುಡುಗನಿಗೆ ತಾನೂ ಬರೆಯಬಹುದು ಅನಿಸೀತು. ಎಂಟನೆಯ ಹಾಡು ಅಲ್ಲಿಂದಲೇ ಬರಬೇಕು.