ಕಾಲ್ನಡಿಗೆ ಮತ್ತು ವಾಕ್ಯ: ಎಗೇರಿಯಾಳ ಸೀನಾಯಿ ಯಾತ್ರಾಕಥನದ ಮರುಓದು

ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಪಶ್ಚಿಮ ಯೂರೋಪಿನಿಂದ ಹೊರಟು ಈಜಿಪ್ಟ್, ಸೀನಾಯಿ, ಪಾಲೆಸ್ತೀನ, ಮೆಸೊಪೊಟೇಮಿಯಗಳನ್ನು ಸಂಚರಿಸಿದ ಎಗೇರಿಯಾ ಎಂಬ ಮಹಿಳೆಯು ತನ್ನ ನಾಡಿನ ಸೋದರಿಯರಿಗೆ ಲತೀನ್ ಭಾಷೆಯಲ್ಲಿ ಬರೆದ ಯಾತ್ರಾಕಥನವು 1884ರಲ್ಲಿ ಇಟಲಿಯ ಅರೆಜ್ಜೊ ನಗರದಲ್ಲಿ ಗಮುರ್ರೀನಿ ಎಂಬ ವಿದ್ವಾಂಸರ ಕೈಗೆ ದೊರಕಿತು. ಹನ್ನೊಂದನೆಯ ಶತಮಾನದ ಆ ಹಸ್ತಪ್ರತಿಯಲ್ಲಿ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ನಡುವಣ ಭಾಗ ಮಾತ್ರ ಉಳಿದಿದೆ. ಯಾತ್ರೆಯ ಕಾಲವು ಕ್ರಿ.ಶ. 381ರಿಂದ 384 ಎಂಬ ನಿರ್ಣಯವನ್ನು ಬಹುತೇಕ ವಿದ್ವಾಂಸರು ಒಪ್ಪಿದ್ದಾರೆ. ಗುರುಮಠಗಳಲ್ಲಿ ನಾವು ಈ ಗ್ರಂಥವನ್ನು ತೆರೆಯುವುದು ಸಾಮಾನ್ಯವಾಗಿ ಅದರ ಉತ್ತರಾರ್ಧಕ್ಕಾಗಿ, ಅಂದರೆ ಜೆರುಸಲೇಮಿನ ಪವಿತ್ರ ವಾರದ ಆರಾಧನಾವಿಧಿಗಳ ವರ್ಣನೆಗಾಗಿ. ಪೂರ್ವಾರ್ಧದ ಮರುಭೂಮಿ ಮತ್ತು ಬೆಟ್ಟಗಳ ಪ್ರಯಾಣವನ್ನು ಕೇವಲ ಪೀಠಿಕೆಯೆಂಬಂತೆ ದಾಟಿಬಿಡುತ್ತೇವೆ. ಆದರೆ ಉತ್ತರಾರ್ಧದ ಆರಾಧನೆಯ ಬೇರು ಪೂರ್ವಾರ್ಧದ ನಡಿಗೆಯಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ.

ಈ ಪೂರ್ವಾರ್ಧದ ವಿರುದ್ಧ ಕೇಳಿಬರುವ ದೂರು ಒಂದೇ: ಅದು ಶುಷ್ಕವಾಗಿದೆ. ದೂರು ಆಧಾರರಹಿತವಲ್ಲ. ಸೀನಾಯಿಯ ಮುಂದಿನ ಕಣಿವೆಯು ಸುಮಾರು 16 ಮೈಲಿ ಉದ್ದ, 4 ಮೈಲಿ ಅಗಲವೆಂದು ಎಗೇರಿಯಾ ಅಂದಾಜು ಕೊಡುತ್ತಾಳೆ. ಆದರೆ ಅದನ್ನು ದಾಟುವಾಗ ಬಾಯಾರಿತೇ, ಭಯವಾಯಿತೇ ಎಂಬುದನ್ನು ಹೇಳುವುದಿಲ್ಲ. ಕಥನದಲ್ಲಿ ಅವೇ ವಿಶೇಷಣಗಳು, ಅವೇ ವಾಕ್ಯರಚನೆಗಳು ಮತ್ತೆ ಮತ್ತೆ ಬರುತ್ತವೆ. ಮರುಭೂಮಿಯನ್ನು ಆತ್ಮಶೋಧನೆಯ ರಂಗಸ್ಥಳವೆಂದು ವರ್ಣಿಸುವ ಇಂದಿನ ಧ್ಯಾನಸಾಹಿತ್ಯಕ್ಕೆ ಒಗ್ಗಿದ ಓದುಗನಿಗೆ ಇಲ್ಲಿ ನಿರಾಶೆ ಕಾದಿರುತ್ತದೆ.

ಆಕೆ ತನ್ನ ಶ್ರಮದ ಬಗೆಗೆ ಬಾಯಿಬಿಡುವ ಪ್ರಸಂಗ ಗಮನಾರ್ಹವಾದುದು. ಶನಿವಾರ ಸಂಜೆ ಬೆಟ್ಟದ ತಪ್ಪಲನ್ನು ತಲುಪಿ, ಸನ್ಯಾಸಿಗಳ ಆತಿಥ್ಯ ಪಡೆದು, ಭಾನುವಾರ ಬೆಳಗಿನಲ್ಲೇ ಆಕೆ ಆರೋಹಣ ತೊಡಗುತ್ತಾಳೆ. ಸುತ್ತುದಾರಿಯಿಲ್ಲ, ಗೋಡೆಯನ್ನು ಏರುವಂತೆ ನೇರವಾಗಿ ಏರಬೇಕು. ವಾಹನವು ಸಾಗದ ಕಾರಣ ಕಾಲ್ನಡಿಗೆ ಅನಿವಾರ್ಯ. ಶ್ರಮ ಅಪಾರವಾಗಿತ್ತು, ಆದರೂ ತನ್ನ ಹಂಬಲವು ದೇವರ ಚಿತ್ತದಿಂದ ಈಡೇರುತ್ತಿದ್ದುದರಿಂದ ಆ ಶ್ರಮದ ಅರಿವಾಗಲಿಲ್ಲ ಎಂಬುದು ಆಕೆಯ ಮಾತಿನ ತಾತ್ಪರ್ಯ. ಇಲ್ಲಿ ಶ್ರಮವನ್ನು ಆಕೆ ಅಲ್ಲಗಳೆದಿಲ್ಲ, ಪುಣ್ಯವೆಂದು ಲೆಕ್ಕಕ್ಕೂ ಹಿಡಿದಿಲ್ಲ. ಕಾಲ್ನಡಿಗೆಯೇ ಹೆಚ್ಚು ಪವಿತ್ರವೆಂಬ ಭಾವನೆಯೂ ಆಕೆಗಿಲ್ಲ. ನೆಬೋ ಬೆಟ್ಟದ ಬಹುಭಾಗವನ್ನು ಕತ್ತೆಯ ಮೇಲೆ ಕುಳಿತು, ಕಡಿದಾದ ಭಾಗವನ್ನು ಮಾತ್ರ ನಡೆದು ಏರಿದುದಾಗಿ ಆಕೆ ಸಂಕೋಚವಿಲ್ಲದೆ ಬರೆಯುತ್ತಾಳೆ.

ಹಾಗಾದರೆ ಈ ಪ್ರಯಾಣಕ್ಕೆ ಅರ್ಥ ಕೊಡುವುದು ಯಾವುದು? ಉತ್ತರವು ಆಕೆಯ ಕ್ರಮದಲ್ಲಿದೆ. ಒಂದು ಸ್ಥಳವನ್ನು ತಲುಪಿದೊಡನೆ ಮೊದಲು ಪ್ರಾರ್ಥನೆ, ಬಳಿಕ ಪವಿತ್ರ ಗ್ರಂಥದಿಂದ ಆ ಸ್ಥಳಕ್ಕೆ ಸಂಬಂಧಿಸಿದ ಭಾಗದ ವಾಚನ, ಅನಂತರ ತಕ್ಕ ಕೀರ್ತನೆ, ಕೊನೆಗೆ ಮತ್ತೆ ಪ್ರಾರ್ಥನೆ. ಸೀನಾಯಿಯ ಶಿಖರದ ಪುಟ್ಟ ದೇವಾಲಯದಲ್ಲಿ ಮೋಶೆಯ ಗ್ರಂಥವನ್ನು ಓದಿ ಬಲಿಪೂಜೆ ಅರ್ಪಿಸಲಾಗುತ್ತದೆ; ಹೋರೇಬಿನಲ್ಲಿ ಎಲೀಯನ ಗವಿಯ ಬಳಿ ಅರಸುಗಳ ಗ್ರಂಥದ ವಾಚನವಾಗುತ್ತದೆ. ಮರುಭೂಮಿ ತಾನಾಗಿ ಏನನ್ನೂ ನುಡಿಯುವುದಿಲ್ಲ. ವಾಕ್ಯವು ಓದಲ್ಪಟ್ಟಾಗ ಅದು ಸಾಕ್ಷಿಯಾಗುತ್ತದೆ. ಕಥನದ ಶುಷ್ಕತೆಗೆ ಕಾರಣವೂ ಇದೇ. ವಾಚನಕ್ಕೆ ಎಡೆಮಾಡಿಕೊಡಲು ಬರಹಗಾರ್ತಿ ಹಿಂದೆ ಸರಿದಿದ್ದಾಳೆ. ಜೆರುಸಲೇಮಿನಲ್ಲಿ ಸ್ಥಳಕ್ಕೂ ಕಾಲಕ್ಕೂ ಒಪ್ಪುವ ವಾಚನಗಳನ್ನು ಕಂಡು ಆಕೆ ವಿಶೇಷವಾಗಿ ಮೆಚ್ಚಿಕೊಳ್ಳುವುದು ಈ ಅಭ್ಯಾಸದ ಮುಂದುವರಿಕೆಯೇ ಆಗಿದೆ.

ಸುಮಾರು ಅದೇ ಕಾಲದಲ್ಲಿ ನಿಸ್ಸದ ಸಂತ ಗ್ರೆಗೊರಿಯವರು ಯಾತ್ರೆಗಳ ಬಗೆಗೆ ಕಟುವಾದ ಪತ್ರವೊಂದನ್ನು ಬರೆದರು. ಅವರೇ ಜೆರುಸಲೇಮನ್ನು ಕಂಡುಬಂದವರು. ಸ್ಥಳಾಂತರದಿಂದ ದೇವರ ಸಾಮೀಪ್ಯ ಹೆಚ್ಚುವುದಿಲ್ಲ, ಅಂತರಂಗವು ಯೋಗ್ಯವಾಗಿದ್ದರೆ ದೇವರು ಇದ್ದಲ್ಲಿಗೇ ಬರುವರು ಎಂಬುದು ಅವರ ವಾದ. ಈ ಆಕ್ಷೇಪವನ್ನು ನಾವು ಲಘುವಾಗಿ ಕಾಣಲಾಗದು. ಎಗೇರಿಯಾ ಎಲ್ಲಿಯೂ ದೇವರು ಸೀನಾಯಿಯಲ್ಲಿ ಹೆಚ್ಚಾಗಿ ಇದ್ದಾರೆಂದು ಹೇಳುವುದಿಲ್ಲ. ತಾನು ಕೇಳಿದ ವಾಕ್ಯವನ್ನು ಅದರ ನೆಲದಲ್ಲಿ ಮತ್ತೊಮ್ಮೆ ಕೇಳಲು ಹೋಗುತ್ತಾಳೆ. ಅಷ್ಟರ ಮಟ್ಟಿಗೆ ಗ್ರೆಗೊರಿಯವರ ಬಾಣ ಆಕೆಗೆ ತಾಗುವುದಿಲ್ಲ.

ಆದರೆ ಕಥನವು ನಿರ್ದೋಷವಾದುದೆಂದು ನಾವು ಹೇಳಲಾರೆವು. ಸೀನಾಯಿಯ ಶಿಖರದಿಂದ ಈಜಿಪ್ಟ್, ಪಾಲೆಸ್ತೀನ, ಕೆಂಪು ಸಮುದ್ರಗಳಷ್ಟೇ ಅಲ್ಲದೆ, ಅಲೆಕ್ಸಾಂಡ್ರಿಯದ ಕಡೆಗಿನ ಸಮುದ್ರವೂ ಕಂಡಿತೆಂದು ಆಕೆ ಬರೆಯುತ್ತಾಳೆ. 2285 ಮೀಟರ್ ಎತ್ತರದ ಆ ಬೆಟ್ಟದಿಂದ ಭೂಮಧ್ಯ ಸಮುದ್ರ ಕಾಣುವುದು ಅಸಾಧ್ಯ. ಮಾರ್ಗದರ್ಶಕರು ತೋರಿಸಿದ ದಿಕ್ಕನ್ನು ಕಣ್ಣು ಕಂಡ ದೃಶ್ಯವೆಂದು ಆಕೆ ನಂಬಿದಂತಿದೆ. ವಾಕ್ಯವು ನೆಲವನ್ನು ಬೆಳಗಿಸಬೇಕು, ನೆಲವನ್ನು ಮರೆಮಾಡಬಾರದು.

ಎರಡನೆಯ ದೋಷ ಇನ್ನೂ ಗಂಭೀರವಾದುದು. ಬೈಬಲಿನ ವ್ಯಕ್ತಿಗಳು ಆ ಮರುಭೂಮಿಯ ತುಂಬ ಇದ್ದಾರೆ. ಅಲ್ಲಿ ಬದುಕುತ್ತಿದ್ದ ಜನರು ಬಹುಮಟ್ಟಿಗೆ ಕಾಣೆಯಾಗಿದ್ದಾರೆ. ಒಂದು ಕಡೆ ಮಾತ್ರ ಅವರು ತಮ್ಮ ಅರಿವಿನೊಂದಿಗೆ ಎದುರಾಗುತ್ತಾರೆ. ಫಾರಾನಿನ ಜನರು ಮರಳಿನಲ್ಲಿ ಅಲ್ಲಲ್ಲಿ ಗುರುತುಗಳನ್ನಿಟ್ಟು ಹಗಲು ಅವುಗಳನ್ನು ಅನುಸರಿಸುತ್ತಾರೆ. ರಾತ್ರಿ ಆ ಗುರುತುಗಳನ್ನು ಅವರ ಒಂಟೆಗಳೇ ಗಮನಿಸುತ್ತವೆ. ಈ ಕೆಲವು ಸಾಲುಗಳು ಇಡೀ ಪೂರ್ವಾರ್ಧದಲ್ಲಿ ಅತ್ಯಂತ ಸಜೀವವಾದವು. ಪ್ರತಿ ಯಾತ್ರಿಕನೂ ಯಾರೋ ಇಟ್ಟ ಗುರುತಿನ ಮೇಲೆಯೇ ನಡೆಯುತ್ತಾನೆ ಎಂಬ ಸತ್ಯ ಅಲ್ಲಿದೆ. ಎಗೇರಿಯಾ ಅದನ್ನು ಕಂಡಳು, ದಾಖಲಿಸಿದಳು, ಆದರೆ ಅಲ್ಲಿ ನಿಂತು ಚಿಂತಿಸಲಿಲ್ಲ.

ಹೋರೇಬಿನಲ್ಲಿ ಓದಲ್ಪಟ್ಟ ಎಲೀಯನ ವೃತ್ತಾಂತವೇ ಈ ಕೊರತೆಯನ್ನು ತುಂಬಬಲ್ಲದು. ನಲವತ್ತು ದಿನ ನಡೆದುಬಂದ ಪ್ರವಾದಿಯನ್ನು ದೇವರು ಎರಡು ಬಾರಿ, ಇಲ್ಲಿ ನಿನಗೇನು ಕೆಲಸ ಎಂಬರ್ಥದಲ್ಲಿ ಪ್ರಶ್ನಿಸುತ್ತಾರೆ. ಬಳಿಕ ಬಂದ ದಾರಿಯಲ್ಲೇ ಹಿಂದಿರುಗಿಸಿ, ಹಜಾಯೇಲ, ಯೇಹು, ಎಲೀಷರೆಂಬ ಹೆಸರುಳ್ಳ ಮನುಷ್ಯರ ಬಳಿಗೆ ಕಳುಹಿಸುತ್ತಾರೆ. ತಾನೊಬ್ಬನೇ ಉಳಿದಿದ್ದೇನೆಂದು ಕೊರಗುವವನಿಗೆ ಇನ್ನೂ ಏಳು ಸಾವಿರ ಮಂದಿ ಇದ್ದಾರೆಂದು ತಿಳಿಸುತ್ತಾರೆ. ಮರುಭೂಮಿಯ ನಡಿಗೆಯು ನಡೆಯುವವನ ಏಕಾಂತದಲ್ಲಿ ಮುಗಿಯದೆ ಇತರರ ಹೆಸರುಗಳಲ್ಲಿ ಮುಂದುವರಿಯುತ್ತದೆ.

ಬೆಂಗಳೂರಿನಿಂದ ವೇಳಾಂಕಣಿಗೆ ಕಾಲ್ನಡಿಗೆಯಲ್ಲಿ ಸಾಗುವ ನಮ್ಮ ಭಕ್ತರೊಂದಿಗೆ ಹೆಜ್ಜೆಹಾಕುವ ಯಾಜಕರಿಗೆ ಈ ಗ್ರಂಥ ಎರಡು ಪಾಠಗಳನ್ನು ಕಲಿಸಬಲ್ಲದು. ಒಂದನ್ನು ಎಗೇರಿಯಾ ಕಲಿಸುತ್ತಾಳೆ: ತಂಗುವ ಪ್ರತಿ ಸ್ಥಳದಲ್ಲೂ ಪ್ರಾರ್ಥನೆ, ವಾಚನ, ಕೀರ್ತನೆ ಇರಲಿ, ಬೊಕ್ಕೆಯೆದ್ದ ಪಾದವೇ ಭಕ್ತಿಯ ಅಳತೆಗೋಲಾಗದಿರಲಿ. ಇನ್ನೊಂದನ್ನು ಆಕೆಯ ಮೌನ ಕಲಿಸುತ್ತದೆ: ನೀರು ಕೊಟ್ಟವರ, ನೆರಳು ಕೊಟ್ಟವರ, ದಾರಿ ತೋರಿದವರ ಹೆಸರನ್ನು ಕೇಳಿ ತಿಳಿದು, ಅಂದಿನ ಬಲಿಪೂಜೆಯ ವಿಶ್ವಾಸಿಗಳ ಬಿನ್ನಹಗಳಲ್ಲಿ ಸ್ಮರಿಸೋಣ.