ಕಂಠಾಭರಣವೂ ಅವಿಭಾಜ್ಯ ಸಂಖ್ಯೆಯೂ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ವು ಗಣಿತಗ್ರಂಥವೂ ಹೌದು, ಪದ್ಯಕೃತಿಯೂ ಹೌದು. ಗುಣಾಕಾರವನ್ನು ಹೇಳುವಲ್ಲಿ ಆಚಾರ್ಯನು 152207ನ್ನು 73ರಿಂದ ಗುಣಿಸಲು ಹೇಳಿ, ಗುಣಲಬ್ಧವನ್ನು 'ಕಂಠಾಭರಣ'ವೆಂದು ಕರೆಯುತ್ತಾನೆ. ಆ ಗುಣಲಬ್ಧವು 11111111. ಒಂದೇ ಬಗೆಯ ಎಂಟು ಮಣಿಗಳ ಹಾರ.

ಇದನ್ನು ಕೆಲವರು ಬರಿಯ ಚಮತ್ಕಾರವೆಂದು ತಳ್ಳಿಹಾಕುವುದುಂಟು. ಮತ್ತೆ ಕೆಲವರು ಆಧುನಿಕ ಸಂಖ್ಯಾಶಾಸ್ತ್ರವೆಲ್ಲವೂ ಇಲ್ಲಿಯೇ ಅಡಗಿದೆಯೆಂದು ಹಿಗ್ಗುವುದುಂಟು. ಈ ಎರಡು ನಿಲವುಗಳನ್ನೂ ನಾವು ಪರೀಕ್ಷಿಸಬೇಕಾಗಿದೆ.

ಹಾರದ ಸೊಬಗು ಸಂಖ್ಯೆಯ ಸ್ವಭಾವಕ್ಕೆ ಸೇರಿದುದಲ್ಲ, ಅದನ್ನು ಬರೆಯುವ ದಶಮಾನ ಕ್ರಮಕ್ಕೆ ಸೇರಿದುದು. ಅವಿಭಾಜ್ಯತೆಯಾದರೋ ಹೇಗೆ ಬರೆದರೂ ಅಳಿಯದ ಗುಣ. ಆದರೂ ಇವೆರಡಕ್ಕೂ ಸಂಬಂಧವಿಲ್ಲದಿಲ್ಲ. ಎಂಟು ಮಣಿಗಳನ್ನು ಎರಡೆರಡಾಗಿ ವಿಂಗಡಿಸಬಹುದಾದ್ದರಿಂದ ಆ ಸಂಖ್ಯೆಯನ್ನು 11 ನಿಶ್ಶೇಷವಾಗಿ ಭಾಗಿಸುತ್ತದೆ; ಅದರ ಪೂರ್ಣ ವಿಭಜನೆ 11 × 73 × 101 × 137. ಮಣಿಗಳ ಎಣಿಕೆ ವಿಭಾಜ್ಯವಾದರೆ ಹಾರವೂ ವಿಭಾಜ್ಯ. ಇದರ ವಿಲೋಮ ಸತ್ಯವಲ್ಲ: ಮೂರು ಮಣಿಗಳ 111 ಎಂಬುದು 3 × 37, ಐದು ಮಣಿಗಳ 11111 ಎಂಬುದು 41 × 271. ಎರಡು ಮಣಿಗಳ 11ರ ತರುವಾಯ ಹತ್ತೊಂಬತ್ತು ಮಣಿಗಳ ಹಾರದವರೆಗೆ ಅವಿಭಾಜ್ಯವಾದುದೊಂದೂ ದೊರೆಯದು.

ಇದೇ ಹಾರವನ್ನು ದ್ವಿಮಾನ ಕ್ರಮದಲ್ಲಿ ಪೋಣಿಸಿದರೆ ಮರ್ಸೆನ್ ಸಂಖ್ಯೆಗಳು ದೊರೆಯುತ್ತವೆ. ಐದು ಮಣಿಗಳದು 31, ಅವಿಭಾಜ್ಯ. ಹನ್ನೊಂದು ಮಣಿಗಳದು 2047, ಅಂದರೆ 23 × 89. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಎಂಬವರು ಕಂಡುಹಿಡಿದ ಅವಿಭಾಜ್ಯವು ಇಂತಹ 13,62,79,841 ಮಣಿಗಳ ಹಾರ. ದಶಮಾನದಲ್ಲಿ ಬರೆದರೆ 4,10,24,320 ಅಂಕೆಗಳು. ಅಂದಿಗೆ ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ಅದೇ ದೊಡ್ಡದು.

ಇಷ್ಟು ದೊಡ್ಡ ಸಂಖ್ಯೆಯ ಅವಿಭಾಜ್ಯತೆಯನ್ನು ನಿರ್ಣಯಿಸಲು ಸಾಧ್ಯವಾದುದು ಅದರ ರೂಪದಿಂದಲೇ. ಲ್ಯೂಕಾ ಮತ್ತು ಲೇಮರ್ ಇವರ ಪರೀಕ್ಷೆಯಲ್ಲಿ 4ರಿಂದ ಹೊರಟು, ವರ್ಗಿಸಿ, 2ನ್ನು ಕಳೆದು, ಪರೀಕ್ಷಿಸತಕ್ಕ ಸಂಖ್ಯೆಯಿಂದ ಭಾಗಿಸಿ, ಶೇಷವನ್ನು ಮುಂದಕ್ಕೆ ಒಯ್ಯಬೇಕು. ಮಣಿಗಳ ಎಣಿಕೆಯು ಎರಡಕ್ಕಿಂತ ದೊಡ್ಡ ಅವಿಭಾಜ್ಯವಾಗಿರುವಾಗ, ಅದಕ್ಕಿಂತ ಎರಡು ಕಡಮೆ ಸಲ ಹೀಗೆ ಮಾಡಿದ ಮೇಲೆ ಶೇಷವು ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ; ಇಲ್ಲವಾದರೆ ವಿಭಾಜ್ಯ. 31ಕ್ಕೆ ಮೂರು ಸಲ ಮಾಡಿದರೆ ಶೇಷಗಳು ಕ್ರಮವಾಗಿ 14, 8, 0. ವಿದ್ಯಾರ್ಥಿಗಳು ಇದನ್ನು ಕೈಲೆಕ್ಕದಿಂದಲೇ ತಾಳೆ ನೋಡಬಹುದು.

ಆದಕಾರಣ ರೂಪವು ಕೇವಲ ಅಲಂಕಾರವೆಂಬ ಮಾತು ನಿಲ್ಲದು. ಒಳ್ಳೆಯ ರೂಪವು ಪ್ರಮಾಣಕ್ಕೆ ದಾರಿ ಮಾಡಿಕೊಡುತ್ತದೆ. ಹಾಗೆಂದು ಆಚಾರ್ಯನು ತನ್ನ ಪದ್ಯದಲ್ಲಿ ಅವಿಭಾಜ್ಯತೆಯ ಲಕ್ಷಣವನ್ನು ಹೇಳಿದನೆಂದು ಸಾಧಿಸಹೊರಡುವುದು ಅಭಿಮಾನವೇ ಹೊರತು ವಿಮರ್ಶೆಯಲ್ಲ. ಅವನು ಹೇಳಿದುದು ಹಾರವನ್ನು ಪೋಣಿಸುವ ಬಗೆಯನ್ನು. ಅದು ಎಲ್ಲಿ ಬಿಡಿಸಿಕೊಳ್ಳುತ್ತದೆ, ಎಲ್ಲಿ ಬಿಡಿಸಿಕೊಳ್ಳದು ಎಂಬುದು ಬಹುಕಾಲದ ಅನಂತರ ಬೇರೆಯವರು ಕೇಳಿದ ಪ್ರಶ್ನೆ. ಆಚಾರ್ಯನಿಗೆ ಸಲ್ಲತಕ್ಕ ಗೌರವಕ್ಕೆ ಅವನು ಹೇಳಿದುದೇ ಸಾಕು. ತರಗತಿಯಲ್ಲಿ ಆ ಪದ್ಯವನ್ನು ಓದಿಸಿ, ಅದರ ಬೆನ್ನಿಗೇ ಈ ಪ್ರಶ್ನೆಯನ್ನೂ ಕೇಳಿಸುವುದು ಅಧ್ಯಾಪಕರ ಕೆಲಸವೆಂದು ನಾವು ಭಾವಿಸುತ್ತೇವೆ.